ಸೋಲುವ ತಂಡಕ್ಕೆ ಕಾದವನು

ಹೊಳೆಯಾಚೆ ಕಡವಿನಪುರ ಎಂಬ ಊರು. ಈಚೆ ದಡದಲ್ಲಿ ಮುಪ್ಪಿನಯ್ಯನವರ ಆಶ್ರಮ.

ಶಿಷ್ಯ ಕೆಂಪರಾಜ ಆ ಊರಿನವನೇ. ಆಶ್ರಮ ಸೇರಿ ಕೆಲವು ವರ್ಷಗಳಾಗಿದ್ದವು. ನಾಲಿಗೆಯ ರುಚಿ ಬಿಟ್ಟಿದ್ದ, ಹಾಸಿಗೆಯ ಸುಖ ಬಿಟ್ಟಿದ್ದ. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಸಂಬಳಕ್ಕೆ ಆಡುವ ಲೀಗ್ ತಂಡ ಅದು. ಆದರೂ ಸೋಲುವುದೇ ಹೆಚ್ಚು. ಹೋದ ಸಲವಂತೂ ಎಲ್ಲರಿಗಿಂತ ಕೆಳಗೆ ಉಳಿದಿತ್ತು.

ಮಳೆಗಾಲ ಕಳೆದು ಹೊಳೆ ತಿಳಿಯಾಗುವ ಹೊತ್ತಿಗೆ ಹೊಸ ಸೀಸನ್ ಶುರು. ಆ ದಿನಗಳು ಹತ್ತಿರವಾದಂತೆ, ಸಂಜೆಯ ಗಾಳಿ ಈ ಕಡೆಗೆ ಬೀಸಿದರೆ ಸಾಕು, ಚೆಂಡು ಪುಟಿಯುವ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ನೀರಿಗೆ ಬಂದ ಕೆಂಪರಾಜ ಕೊಡ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದ. ತಗಡಿನ ಚಾವಣಿಯ ಗ್ಯಾಲರಿ, ಪಕ್ಕದಲ್ಲಿ ಕೂತು ಅವನ ಭುಜ ಹಿಂಡುತ್ತಿದ್ದ ಅಪ್ಪ, ಎಲ್ಲ ಕಣ್ಣೆದುರು ಬರುತ್ತಿತ್ತು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು.

ಒಂದು ಬೆಳಗ್ಗೆ ಅವನು ಗುರುಗಳ ಮುಂದೆ ಕೈಮುಗಿದು ನಿಂತ. ಅವರು ಸೊಪ್ಪು ಬಿಡಿಸುತ್ತಿದ್ದರು.

"ನನ್ನನ್ನು ಕಳಿಸಿಕೊಡಿ ಗುರುಗಳೇ. ಧ್ಯಾನ ನನಗೆ ಒಲಿಯೋದಿಲ್ಲ. ದಿನಾ ಕೂರುತ್ತೇನೆ, ದಿನಾ ಮನಸ್ಸು ಹೊಳೆ ದಾಟಿ ಹೋಗುತ್ತದೆ. ಸೋತುಹೋದೆ."

"ಹೊಳೆ ದಾಟಿ ಎಲ್ಲಿಗೆ ಹೋಗುತ್ತದೆ?"

ಕೆಂಪರಾಜ ನಾಚುತ್ತ ತಂಡದ ವಿಷಯ, ಅಪ್ಪನ ಜೊತೆ ಆಟ ನೋಡುತ್ತಿದ್ದ ವಿಷಯ ಹೇಳಿದ.

"ಹೇಗಪ್ಪ ಆ ಆಟ?"

"ಎತ್ತರದಲ್ಲಿ ಒಂದು ಕಬ್ಬಿಣದ ಬಳೆ, ಅದಕ್ಕೆ ಬಲೆಯ ಬುಟ್ಟಿ. ಅದರೊಳಕ್ಕೆ ಚೆಂಡು ಹಾಕಬೇಕು."

"ಬುಟ್ಟಿಗೆ ತಳ ಇದೆಯೋ?"

"ಇಲ್ಲ."

"ಹಾಕಿದ್ದು ನಿಲ್ಲೋದಿಲ್ಲ ಅನ್ನು."

"ನಿಲ್ಲೋದಿಲ್ಲ. ಮತ್ತೆ ಹಾಕಬೇಕು."

ಗುರುಗಳು ತಲೆದೂಗಿದರು. "ಈ ಸಲ ಗೆಲ್ಲುತ್ತಾರೋ?"

ಕೆಂಪರಾಜನ ದನಿಗೆ ಜೀವ ಬಂತು. "ನಾಯಕ ಶಫಿಯ ಮಂಡಿ ವಾಸಿಯಾಗಿದೆಯಂತೆ. ಹೊಸ ಕೋಚ್ ಬಂದಿದ್ದಾರಂತೆ. ದೋಣಿಯವನು ಹೇಳಿದ." ಸ್ವಲ್ಪ ತಡೆದು ಅಂದ, "ಗೊತ್ತಿಲ್ಲ ಗುರುಗಳೇ. ಆದರೆ ಇವತ್ತಿಗೆ ಇನ್ನೂ ಸೋತಿಲ್ಲ."

"ಮೊದಲ ಆಟ ಯಾವಾಗ?"

"ನಾಳೆ ಸಂಜೆ."

"ನೋಡಿಕೊಂಡು ಬಾ. ಬಿಟ್ಟುಹೋಗುವ ಮಾತು ಆಮೇಲೆ."

ಕೆಂಪರಾಜ ಹೋದ. ಗ್ಯಾಲರಿಯ ಹಳೆಯ ಜಾಗದಲ್ಲೇ ಕೂತ. ಪಕ್ಕದಲ್ಲಿ ಯಾರೋ ಅಪರಿಚಿತರು ಕೂತಿದ್ದರು. ಮರುದಿನ ಬೆಳಗ್ಗೆ ದೋಣಿಯಿಂದ ಇಳಿಯುವಾಗ ಅವನ ಮುಖ ಬಾಡಿತ್ತು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದರು.

"ಏನಾಯಿತು?"

"ಸೋತರು. ಕೊನೆಕೊನೆಯವರೆಗೂ ನಮ್ಮವರೇ ಮುಂದಿದ್ದರು. ಕಡೇ ಗಳಿಗೆಯಲ್ಲಿ ಎದುರಾಳಿಗಳು ದಾಟಿಹೋದರು. ಶಫಿ ಎಸೆದ ಚೆಂಡು ಬಳೆಯ ಮೇಲೆ ಒಂದು ಸುತ್ತು ಉರುಳಿ ಹೊರಕ್ಕೆ ಬಿತ್ತು. ಗ್ಯಾಲರಿಯಲ್ಲಿ ಯಾರೂ ಎದ್ದು ಹೋಗಲಿಲ್ಲ, ಹಾಗೇ ಕೂತಿದ್ದರು."

ಅವನು ಕಣ್ಣೊರೆಸಿಕೊಂಡ. ಗುರುಗಳು ಪಂಚೆ ಪಕ್ಕಕ್ಕಿಟ್ಟು ಅವನ ಜೊತೆ ಮೆಟ್ಟಿಲ ಮೇಲೆ ಕೂತರು.

"ಸೋತ ದಿನ ನಿಮ್ಮಪ್ಪ ಏನು ಮಾಡೋರು?"

"ದಾರಿಯುದ್ದಕ್ಕೂ ಬೈಯೋರು. ಮನೆ ಬಾಗಿಲಿಗೆ ಬಂದಮೇಲೆ, ಮುಂದಿನ ಆಟ ಯಾವಾಗ ಅಂತ ಕೇಳೋರು."

"ಯಾವಾಗ?"

"ಬರೋ ಶನಿವಾರ," ಎಂದ ಕೆಂಪರಾಜ. "ಶಫಿಗೆ ಇನ್ನೊಂದಿಷ್ಟು ಅಭ್ಯಾಸವಾದರೆ..."

ಅವನ ಮುಖ ತಾನಾಗಿ ಹೊಳೆಯಾಚೆಗೆ ತಿರುಗಿತ್ತು. ಒದ್ದೆ ಕಣ್ಣುಗಳು ಅರಳಿದ್ದವು. ಗುರುಗಳು ಅದನ್ನೇ ನೋಡುತ್ತಿದ್ದು, ಪಂಚೆ ಎತ್ತಿಕೊಂಡು ಎದ್ದರು.

"ನಾಳೆ ಬೆಳಗ್ಗೆ ಧ್ಯಾನಕ್ಕೂ ಇದೇ ಮುಖ ಹೊತ್ತುಕೊಂಡು ಬಾರಪ್ಪ."