ಏಳನೆಯ ನಾಯಿಯ ಊಟ

"ಗುರುಗಳೇ, ಪಂಕ್ತಿಯಲ್ಲಿ ಕೂತ ಒಬ್ಬನಿಗೆ ಮಾತ್ರ ಬೇರೆ ರೀತಿ ಬಡಿಸಿದರೆ ಅದು ಭೇದವಲ್ಲವೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮುರಿಗೆಪ್ಪ. ಮಠದ ದಾಸೋಹದಲ್ಲಿ ಬಡಿಸುವ ಹೊಣೆ ಅವನದು. ಮೂರು ದಿನದಿಂದ ಒಬ್ಬ ಮುದುಕ ಊಟಕ್ಕೆ ಬರುತ್ತಿದ್ದ. ತನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಅದೇ ಅನ್ನವನ್ನು ಕಿವುಚಿ ಗಂಜಿ ಮಾಡಿಕೊಟ್ಟರೆ ಕಂಬಕ್ಕೆ ಒರಗಿ ನಿಧಾನವಾಗಿ ಕುಡಿಯುತ್ತೇನೆ ಎಂದು ಬೇಡುತ್ತಿದ್ದ. ಮುರಿಗೆಪ್ಪ ಒಪ್ಪಿರಲಿಲ್ಲ, ಅವನಿಗೂ ಎಲ್ಲರಂತೆ ಎಲೆ ಹಾಕಿ ಅನ್ನವನ್ನೇ ಬಡಿಸಿದ್ದ.

"ಎಲ್ಲರಿಗೂ ಒಂದೇ ಸಾಲು, ಒಂದೇ ಊಟ ಎಂದು ನೀವೇ ಹೇಳಿದ್ದೀರಿ. ನಿನ್ನೆ ನೂರಾ ಹನ್ನೆರಡು ಎಲೆ ಹಾಕಿದೆ. ಒಂದು ಎಲೆಗೂ ಹೆಚ್ಚುಕಡಿಮೆ ಮಾಡಲಿಲ್ಲ," ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

ಗುರುಗಳು ನಕ್ಕರು. "ಕೂತುಕೋ. ಒಬ್ಬ ಕುರುಬನ ಕತೆ ಹೇಳುತ್ತೇನೆ. ಅವನೂ ನಿನ್ನಷ್ಟೇ ಕಟ್ಟುನಿಟ್ಟಿನವನು," ಎಂದು ಶುರು ಮಾಡಿದರು.

ಒಬ್ಬ ಕುರುಬನಿದ್ದ. ಕುರಿಮಂದೆ ಹೊಡೆದುಕೊಂಡು ಸಂಸಾರ ಸಮೇತ ಊರಿಂದೂರಿಗೆ ಹೋಗುವವನು. ಅವನ ತಂಡದಲ್ಲಿ ಏಳು ನಾಯಿಗಳಿದ್ದವು. ನಾಯಿಗಳ ಊಟಕ್ಕೆ ಅವರಲ್ಲಿ ಒಂದು ಕಟ್ಟಳೆಯಿತ್ತು. ಮನೆಯ ಹಿರಿಯನೇ ಹಾಕಬೇಕು. ಎಲ್ಲಕ್ಕೂ ಒಂದೇ ದೋಣಿಯಲ್ಲಿ, ಅಂದರೆ ಮರ ಕೊರೆದು ಮಾಡಿದ ತೊಟ್ಟಿಯಲ್ಲಿ ಹಾಕಬೇಕು. ತಲೆಗೆ ಒಂದು ಸೌಟು ಅಂಬಲಿ, ಒಂದು ರೊಟ್ಟಿ. ಬೇರೆ ಕರೆದು ಉಣಿಸಿದ ನಾಯಿ ಮಂದೆ ಕಾಯುವುದನ್ನು ಬಿಟ್ಟು ಉಣಿಸಿದವರ ಕಾಲು ಕಾಯುತ್ತದೆ ಎಂಬುದು ಅವರ ನಂಬಿಕೆ. ಕುರುಬ ದಿನವೂ ದೋಣಿಯ ಮುಂದೆ ನಿಂತು ಏಳು ತಲೆ ಎಣಿಸಿ, ಏಳು ಸೌಟು ಸುರಿದು, ತನ್ನ ಕೈಯಲ್ಲಿ ಮೋಸವಿಲ್ಲ ಎಂದು ನೆಮ್ಮದಿಯಾಗಿ ಮಲಗುತ್ತಿದ್ದ.

ಏಳನೆಯ ನಾಯಿ ಇನ್ನೂ ಎಳೆಯದು. ಬೂದಿ ಬಣ್ಣ, ಹಾಗಾಗಿ ಬೂದ ಎಂದು ಹೆಸರು. ಕುರುಬನ ಸೊಸೆ ಮದುವೆಯಾಗಿ ಬರುವಾಗ ತವರಿನಿಂದ ಕಂಕುಳಲ್ಲಿ ಎತ್ತಿಕೊಂಡು ಬಂದ ಮರಿ. ತವರಿನವರದೂ ಅಲೆಯುವ ಮಂದೆಯೇ. ಅವರು ಈಗ ಯಾವ ಸೀಮೆಯಲ್ಲಿದ್ದಾರೋ ಅವಳಿಗೆ ಗೊತ್ತಿರಲಿಲ್ಲ. ತನ್ನದು ಎಂದು ಅವಳ ಹತ್ತಿರ ಉಳಿದದ್ದು ಆ ಮರಿ ಒಂದೇ. ಅದರ ಮೇಲೆ ಅವಳಿಗೆ ಪ್ರಾಣ.

ಬೂದ ಹಾಲು ಬಿಟ್ಟು ರೊಟ್ಟಿ ಅಂಬಲಿಗೆ ಬಾಯಿ ಹಾಕಿದಂದಿನಿಂದ ಒಂದು ಕಾಟ ಶುರುವಾಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಎಲ್ಲ ನಾಯಿಗಳ ಜೊತೆ ದೋಣಿಗೆ ತಲೆ ಹಾಕಿ ತಿನ್ನುತ್ತಿತ್ತು, ನಾಲ್ಕು ಹೆಜ್ಜೆ ಹೋಗಿ ತಲೆ ಬಗ್ಗಿಸಿ ಅಷ್ಟನ್ನೂ ಹಾಗೆಯೇ ಕಕ್ಕುತ್ತಿತ್ತು. ರೊಟ್ಟಿಯ ಚೂರು ಚೂರಾಗಿಯೇ ಇರುತ್ತಿತ್ತು. ಕಕ್ಕಿದ್ದನ್ನು ಉಳಿದ ನಾಯಿಗಳು ನೆಕ್ಕಿ ಮುಗಿಸುತ್ತಿದ್ದವು.

ಕುರುಬ ಕೆಟ್ಟವನಲ್ಲ. ಅದು ಆಸೆಬುರುಕತನ, ಗಬಗಬ ತಿನ್ನುತ್ತದೆ ಎಂದುಕೊಂಡ. ನಿಧಾನವಾಗಿ ತಿನ್ನಲಿ ಎಂದು ದೋಣಿಯನ್ನೇ ನೆಲದಲ್ಲಿ ಹೂತ. ನಾಯಿ ಇನ್ನಷ್ಟು ಬಗ್ಗಿ ತಿಂದಿತು, ಇನ್ನಷ್ಟು ಬೇಗ ಕಕ್ಕಿತು. ಬೇವಿನ ರಸ ಕುಡಿಸಿದ. ಅದೂ ಹೊರಗೆ ಬಂತು. ತಿಂಗಳೊಳಗೆ ಬೂದನ ಪಕ್ಕೆಲುಬು ಎಣಿಸುವಂತಾಯಿತು. ದಿನವೂ ಸರಿಪಾಲು ಸಿಗುತ್ತಿದ್ದ ನಾಯಿ ದೋಣಿಯ ಮುಂದೆಯೇ ಉಪವಾಸ ಸಾಯುತ್ತಿತ್ತು!

ಕೊನೆಗೆ ಕುರುಬ ಹೇಳಿದ: "ಹುಣ್ಣಿವಿಗೆ ಕುರಿಮಂದಿ ಎಬ್ಬಸ್ತೀನಿ. ಒಂದು ಗಾವುದ ದಾರಿ, ನಡುವ ಹೊಳಿ ಐತಿ. ನಡಿಯೂ ನಾಯಿ ಬರ್ತೈತಿ, ನಡೀಲಾರದ್ದು ಇಲ್ಲೇ ಉಳೀತೈತಿ. ನಾಯಿ ಹೊತಗೊಂಡು ಹೋದ ಕುರುಬನ್ನ ನಾ ಕಂಡಿಲ್ಲ."

ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಹುಣ್ಣಿಮೆಗೆ ಹನ್ನೆರಡೇ ದಿನವಿತ್ತು.

ಮರುದಿನ ಮಧ್ಯಾಹ್ನ ಅವಳು ಮಜ್ಜಿಗೆಯ ಗಡಿಗೆಯನ್ನು ನಾಯಿಗಳಿಗೆ ಎಟುಕದಿರಲಿ ಎಂದು ಕವಲುಗೂಟಕ್ಕೆ ನೇತುಹಾಕಿದ್ದಳು. ಗಡಿಗೆ ಸಣ್ಣಗೆ ಸೋರುತ್ತಿತ್ತು. ಬೂದ ಹಿಂಗಾಲಲ್ಲಿ ನಿಂತು, ಮುಂಗಾಲು ಗೂಟಕ್ಕೆ ಊರಿ, ಕತ್ತು ಮೇಲೆತ್ತಿ ಹನಿಗೆ ನಾಲಗೆ ಒಡ್ಡಿತು. ಹೊಡೆಯಲು ಎತ್ತಿದ ಕೋಲನ್ನು ಅವಳು ಹಾಗೆಯೇ ಇಳಿಸಿದಳು. ಪಾಪ, ಕುಡಿಯಲಿ ಎಂದು ಬಿಟ್ಟಳು. ಬಹಳ ಹೊತ್ತು ಹಾಗೆಯೇ ನಿಂತು ಕುಡಿದು ನಾಯಿ ಕೆಳಗಿಳಿಯಿತು. ಈಗ ಕಕ್ಕುತ್ತದೆ, ಈಗ ಕಕ್ಕುತ್ತದೆ ಎಂದು ಅವಳು ಕಾದಳು. ಕಕ್ಕಲಿಲ್ಲ. ಸಂಜೆಯವರೆಗೂ ಕಕ್ಕಲಿಲ್ಲ.

ಅವಳು ಓದಿದವಳಲ್ಲ, ಮುರಿಗೆಪ್ಪ. ಆದರೆ ನೋಡುವ ಕಣ್ಣಿತ್ತು. ಈ ನಾಯಿಯ ಗಂಟಲು ಎಲ್ಲ ನಾಯಿಗಳ ಗಂಟಲಿನಂತೆ ಅನ್ನವನ್ನು ನೂಕುವುದಿಲ್ಲ, ಅನ್ನ ತಾನಾಗಿ ಕೆಳಗೆ ಬೀಳಬೇಕು ಎಂದು ಅವಳಿಗೆ ಹೊಳೆಯಿತು. ಸಂಜೆ ಮಾವನ ಮುಂದೆ ಸೆರಗು ಎಳೆದುಕೊಂಡು ನಿಂತಳು.

"ಮಾವಾರ, ಒಂದ ಸೌಟು ಹೆಚ್ಚಿಗಿ ಕೇಳಂಗಿಲ್ಲ. ಅದೇ ಅಂಬಲಿ, ಅದೇ ರೊಟ್ಟಿ, ನೀವ ಹಾಕ್ರಿ. ಅದು ಹಿಂಗಾಲ ಮ್ಯಾಲ ನೆಟ್ಟಗ ನಿಂತು ಉಣ್ಣಲಿ, ಅಷ್ಟ ಸಾಕು."

"ನಾಯಿಗೆ ಇಂಥಾ ಚೈನಿ ಹೇಳಿಕೊಟ್ಟರ ನಾಳಿಗೆ ಆರೂ ನಾಯಿ ನಿಂತ ಉಣ್ತೀವಿ ಅಂತಾವ," ಎಂದ ಕುರುಬ. ಆದರೂ ಅವಳ ಮುಖ ನೋಡಿ, "ಹುಣ್ಣಿವಿ ತನಕ ನೋಡು," ಎಂದ.

ದಾರಿಯಲ್ಲಿ ಹುಟ್ಟಿದ ಕುರಿಮರಿಗಳನ್ನು ಹೊರಲು ಅವರ ಹತ್ತಿರ ಉದ್ದನೆಯ ಬಿದಿರು ಬುಟ್ಟಿಗಳಿದ್ದವು. ಅವಳು ಒಂದನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿ, ಒಳಗೆ ಹರಕು ಕಂಬಳಿ ತುಂಬಿ, ನಾಯಿಯನ್ನು ಕುಂಡೆಯ ಮೇಲೆ ಕೂರಿಸಿದಳು. ಮುಂಗಾಲು ಬುಟ್ಟಿಯ ಅಂಚಿನ ಮೇಲೆ, ಮೂತಿ ಮೇಲಕ್ಕೆ. ಮಾವ ಹಾಕಿದ ರೊಟ್ಟಿಯನ್ನು ಅಂಬಲಿಯಲ್ಲಿ ನೆನೆಸಿ ಕಿವುಚಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಒಂದೊಂದಾಗಿ ಕೊಟ್ಟಳು. ಉಂಡ ಮೇಲೂ ಇಳಿಸಲಿಲ್ಲ. ಗೂಟದ ನೆರಳು ಒಂದು ಗೇಣು ಸರಿಯುವವರೆಗೆ ಅದರ ಕತ್ತು ಸವರುತ್ತಾ ಪಕ್ಕದಲ್ಲೇ ನಿಂತಳು.

ತಂಡದವರಿಗೆ ಅದೇ ತಮಾಷೆಯಾಯಿತು. "ದೊರಿ ಗದ್ದಿಗಿ ಏರ್ಯಾನ, ಕೈ ಮುಗೀರಪ್ಪೊ!" ಎಂದು ನಗುತ್ತಿದ್ದರು. ಎರಡನೆಯ ದಿನ ಯಾರೋ ಕರೆದರೆಂದು ಅವಳು ಬೇಗ ಇಳಿಸಿದಳು, ನಾಯಿ ಅಷ್ಟೂ ಕಕ್ಕಿತು. ಕುರುಬ ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ಕೈ ಬಿಡುತ್ತಿದ್ದಳೋ ಏನೋ. ಅಂದಿನಿಂದ ಯಾರು ಕರೆದರೂ ನೆರಳು ಗೇಣು ಸರಿಯದೆ ಅವಳು ಅಲ್ಲಿಂದ ಕದಲಲಿಲ್ಲ.

ಐದನೆಯ ದಿನ ಬೂದ ಬಾಲ ಅಲ್ಲಾಡಿಸಿತು. ಎಂಟನೆಯ ದಿನ ಬೊಗಳಿತು. ಹತ್ತನೆಯ ದಿನ ಕುರುಬ ಸೌಟು ಹಿಡಿಯುವ ಮೊದಲೇ ಓಡಿ ಬಂದು ತಾನೇ ಬುಟ್ಟಿಗೆ ಹಾರಿ ಕೂತು, ಎಲ್ಲಿ ನನ್ನ ಊಟ ಎಂಬಂತೆ ನೋಡಿತು. ನಗಬೇಡ, ಮುರಿಗೆಪ್ಪ. ಆ ಹುಡುಗಿಗೆ ಅಂದು ಆದಷ್ಟು ಸಂತೋಷ ನನಗೆ ಈ ಪೀಠ ಹತ್ತಿದ ದಿನವೂ ಆಗಿರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಮಂದೆ ಎದ್ದಿತು. ಕುದುರೆಗಳ ಮೇಲೆ ಹೊರೆ ಹೇರಿದರು. ನಾಯಿಯ ಬುಟ್ಟಿಗೆ ಜಾಗವಿಲ್ಲ ಎಂದರು. ಅವಳು ಬುಟ್ಟಿಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಬೂದ ನಡೆಯಿತು. ಕುರುಬ ಆಗಾಗ ಹಿಂದೆ ತಿರುಗಿ ನಾಯಿಯನ್ನು ಹುಡುಕುತ್ತಿದ್ದ. ಹೊಳೆಯ ಹತ್ತಿರ ಹಾಗೆಯೇ ತಿರುಗಿ ನೋಡಿದಾಗ ಅದು ಹಿಂದೆ ಎಲ್ಲೂ ಕಾಣಲಿಲ್ಲ. ಅವನು ಗಕ್ಕನೆ ನಿಂತ. ಮುಂದೆ ನೋಡಿದರೆ ಬೂದ ಆಗಲೇ ಆಚೆ ದಡದಲ್ಲಿ ನಿಂತು ಮೈ ಕೊಡವಿಕೊಂಡು, ಇಳಿಯಲು ಹೆದರಿದ ಕುರಿಗಳನ್ನು ಕೂಗಿ ಕರೆಯುತ್ತಿತ್ತು. ಮಂದೆಯೆಲ್ಲ ಅದರ ದನಿ ಹಿಡಿದು ಹೊಳೆ ದಾಟಿತು.

ಇನ್ನೂ ಬಿಸಿಲಿರುವಾಗಲೇ ಹೊಸ ಬೀಡು ಸಿಕ್ಕಿತು. ಎಲ್ಲರೂ ದಣಿದಿದ್ದರು. ಕುರುಬ ನೀರು ಕುಡಿಯಲಿಲ್ಲ, ರುಮಾಲು ಬಿಚ್ಚಲಿಲ್ಲ. ನೇರ ಸೊಸೆಯ ಹತ್ತಿರ ಹೋಗಿ ಅವಳ ತಲೆಯ ಮೇಲಿಂದ ಬುಟ್ಟಿ ಇಳಿಸಿಕೊಂಡ. ತಾನೇ ಎರಡು ಕಲ್ಲು ತಂದು ಅದನ್ನು ನಿಲ್ಲಿಸಿದ. ಪಕ್ಕದಲ್ಲಿ ಒಂದು ಗೂಟ ನೆಟ್ಟ.

"ಅಂಬಲಿ ಆದಕೂಡಲೇ ಮೊದಲು ಇದಕ್ಕ. ಇದರ ಊಟಕ್ಕ ಹೊತ್ತು ಹಿಡೀತೈತಿ," ಎಂದ.

ತನ್ನ ಕೈಯಾರೆ ಉಂಡೆ ಕಟ್ಟಿ ಕೊಟ್ಟ. ಆಮೇಲೆ ದೋಣಿಗೆ ಆರು ಸೌಟು ಸುರಿದ. ನೆರಳು ಸರಿಯುವವರೆಗೆ ಬೂದನ ಪಕ್ಕ ಅವನೇ ನಿಂತ. ಗದ್ದಿಗೆ ಎಂದು ನಕ್ಕಿದ್ದವರು ಸುತ್ತ ಕೂತು, ಹಸಿವು ಮರೆತು ನೆರಳನ್ನೇ ನೋಡಿದರು. ನೆರಳು ಒಂದು ಗೇಣು ಸರಿಯಿತು. ನಾಯಿ ಬುಟ್ಟಿಯಿಂದ ಜಿಗಿಯಿತು, ಮೈ ಮುರಿಯಿತು, ಮಂದೆಯ ಸುತ್ತ ಒಂದು ಸುತ್ತು ಓಡಿ ಬಂತು. ಒಂದು ಚೂರೂ ಹೊರಗೆ ಬರಲಿಲ್ಲ. ಜನ ಹೋ ಎಂದು ಕೂಗಿದರು. ಸೊಸೆ ಅಳುತ್ತಲೇ ನಕ್ಕಳು. ಕುರುಬ ಆಗ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ:

"ಇವತ್ತ ನಮ್ಮ ಏಳೂ ನಾಯಿ ಉಂಡಾವ."

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ, "ಆದರೆ ಗುರುಗಳೇ, ಅವನು ತನ್ನ ಕಟ್ಟಳೆಯನ್ನು ಮುರಿದಂತಾಯಿತಲ್ಲ?" ಎಂದ.

"ಅದಿರಲಿ," ಎಂದರು ಗುರುಗಳು. "ನಿನ್ನೆ ನೂರಾ ಹನ್ನೆರಡು ಎಲೆ ಹಾಕಿದೆಯಲ್ಲ, ಉಂಡವರು ಎಷ್ಟು ಮಂದಿ?"