ಮೆಟ್ಟಿಲು ನುಂಗಿದ ನಕ್ಷೆ

ಒಂದೂರಿನ ಪುರಸಭೆಗೆ ನಗರ ವಿನ್ಯಾಸಕ ಅನಿಕೇತ ಲ್ಯಾಪ್‌ಟಾಪ್ ಹಿಡಿದು ಬಂದ. ಅದರಿಂದ ಗೋಡೆ ಮೇಲೆ ಊರಿನ ನಕ್ಷೆ ಮೂಡಿತು. ಒಂದು ನಿಯಮ ಕೊಟ್ಟರೆ ಸಾಕು, ನಕ್ಷೆಯಲ್ಲಿ ಊರೆಲ್ಲ ತಾನೇ ಸರಿದು ಕೂರುತ್ತಿತ್ತು. "ನಾಳೇನೇ ಜೆಸಿಬಿ ತರಿಸಿ ಊರನ್ನ ಹಿಂಗೇ ಮಾಡಿಸ್ತೀನಿ!" ಎಂದು ಅಧ್ಯಕ್ಷ ಕೆಂಚೇಗೌಡ ಬೀಗಿದ.

ಅಧ್ಯಕ್ಷನ ಅಂಗಿ ಕೊಡಲು ಬಂದಿದ್ದ ಇಸ್ತ್ರಿ ಚೌಡಪ್ಪನಿಗೆ ತಲೆಬುಡ ತಿಳಿಯಲಿಲ್ಲ. ರಸ್ತೆಯ ಬೇವಿನ ಮರದಡಿಯ ಅವನ ಇಸ್ತ್ರಿ ಗಾಡಿ ನಕ್ಷೆಯಲ್ಲೇ ಇರಲಿಲ್ಲ!

"ಸಾರ್, ನನ್ನ ಗಾಡಿ ಎಲ್ಲೋಯ್ತು?"

"ನಾನು ತೆಗೀಲಿಲ್ಲಪ್ಪ," ಎಂದ ಅನಿಕೇತ. "ರಸ್ತೆ ಮೇಲೆ ಏನೂ ಇರಬಾರದು ಅನ್ನೋದು ನಿಯಮ. ಸಾಫ್ಟ್‌ವೇರೇ ತೆಗೀತು."

"ಅದಕ್ಕೆ ಯಾರ್ದು ಅಂತ ಗೊತ್ತಾಗುತ್ತಾ?"

"ಉಹುಂ, ಅದಕ್ಕೆ ಎಲ್ಲರೂ ಒಂದೇ."

ಚೌಡಪ್ಪ ತಲೆ ಕೆರೆದ. "ಹಂಗಾದ್ರೆ ವಾಸ್ತು ಸರಿಯಿಲ್ಲ ಅಂತ ಅಧ್ಯಕ್ಷರು ಮನೆ ಬಾಗಿಲು ತಿರುಗಿಸಿ ರಸ್ತೆಗೆ ಮೆಟ್ಟಿಲು ಇಳಿಸವ್ರಲ್ಲ, ಅದನ್ನ ಇದಕ್ಕೆ ಹೇಳೇ ಇಲ್ವಾ?"

ಅನಿಕೇತ ಮೆಟ್ಟಿಲು ಸೇರಿಸಿದ. ಅದು ತಕ್ಷಣ ಮಾಯವಾಯಿತು. ಬಾಗಿಲಿಗೆ ದಾರಿಯಿಲ್ಲವೆಂದು ಮನೆಯೇ ಸರಸರ ಸರಿದು ಸ್ಮಶಾನದ ಪಕ್ಕ ಕೂತಿತು!

ಗೌಡ ಹೌಹಾರಿದ. "ಅಯ್ಯಯ್ಯೋ, ವಾಪಸ್ ತಾರೋ ಮಾರಾಯ!"

"ನಿಯಮ ತೆಗೆದ್ರೆ ಗಾಡೀನೂ ಬರುತ್ತೆ ಸಾರ್."

"ಬರ್ಲಿ ಬಿಡೋ!"

ಮನೆ ಬಂತು, ಗಾಡಿಯೂ ಬಂತು. ಚೌಡಪ್ಪ ಇನ್ನೂ ಪಿಳಿಪಿಳಿ ನೋಡುತ್ತಿದ್ದ. "ಸಾರ್, ಇನ್ನೊಂಚೂರು ಒತ್ತಿದ್ರೆ ಗಾಡಿಗೊಂದು ಸೂರೂ ಬರುತ್ತಾ?"