ಮೊಣಕಾಲೆತ್ತರದ ಗಿಡಗಳು

ದೊಡ್ಡ ಮರದ ಕೆಳಗೆ ಇನ್ನೊಂದು ಮರ ಬೆಳೆಯುವುದಿಲ್ಲ. ಆಶ್ರಮದ ಶಿಷ್ಯರೆಲ್ಲ ಇದನ್ನು ನಂಬಿದ್ದರು. ಬೆಟ್ಟದ ಕೆಳಗಿನ ಹಳ್ಳಿಯವರೂ ನಂಬಿದ್ದರು. ನಂಬುವುದಕ್ಕೆ ಯಾರಿಗೂ ಖರ್ಚಿರಲಿಲ್ಲ.

ಆಶ್ರಮ ಇದ್ದದ್ದು ಹಿಮಾಲಯದ ಒಂದು ಇಳಿಜಾರಿನಲ್ಲಿ, ಸೂಜಿಯೆಲೆಯ ಎತ್ತರದ ಫರ್ ಮರಗಳ ನಡುವೆ. ಗುರು ಅಡವಿಸ್ವಾಮಿಗಳು ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರು. ಶಿಷ್ಯರೂ ಈ ಕಡೆಯವರೇ.

ಅವರಲ್ಲಿ ಶಂಭುಲಿಂಗ ಚುರುಕು. ಅರಣ್ಯಶಾಸ್ತ್ರ ಓದಿ ಬಂದವನು. ಫರ್ ಮರ ಯುರೋಪಿನಲ್ಲಿ ಮನೆಯ ತೊಲೆಯಾಗುತ್ತದೆ, ಕೆನಡಾದಲ್ಲಿ ಕಾಗದವಾಗುತ್ತದೆ, ಎಷ್ಟೋ ದೇಶಗಳು ಅದನ್ನು ನೆಟ್ಟೇ ಬದುಕುತ್ತವೆ ಎಂದು ಊಟದ ಪಂಕ್ತಿಯಲ್ಲಿ ಹೇಳುತ್ತಿದ್ದ. ಉಳಿದವರು ಬೇಗ ಬೇಗ ಊಟ ಮುಗಿಸುತ್ತಿದ್ದರು.

ತಿಪ್ಪಯ್ಯ ಒಬ್ಬನೇ ಕೂತು ಕೇಳುತ್ತಿದ್ದ. ಅವನು ಆಶ್ರಮಕ್ಕೆ ಬಂದು ಹನ್ನೆರಡು ವರ್ಷ. ಮೊದಲ ಪಾಠವೇ ಇನ್ನೂ ಬಾಯಿಗೆ ಬಂದಿರಲಿಲ್ಲ.

ಆ ವರ್ಷ ಹಿಮದ ಭಾರಕ್ಕೆ ಅಡುಗೆಮನೆಯ ತೊಲೆ ಮುರಿಯಿತು. ಹಿತ್ತಿಲ ಮುದಿ ಫರ್ ಒಂದನ್ನು ಕಡಿದರು. ಒಂದು ಕಡಿದರೆ ಹನ್ನೆರಡು ನೆಡಬೇಕೆಂಬುದು ಅಲ್ಲಿಯ ಪದ್ಧತಿ. ಆ ಕೆಲಸವನ್ನು ಶಂಭುಲಿಂಗ ತಾನೇ ಕೇಳಿ ಪಡೆದ. ಜೊತೆಗೆ ತಿಪ್ಪಯ್ಯನನ್ನು ಕರೆದುಕೊಂಡ.

ಕಡಿದ ಮರದ ಸುತ್ತ ಮೊಣಕಾಲೆತ್ತರದ ಫರ್ ಗಿಡಗಳು ತುಂಬಿದ್ದವು. ಶಂಭುಲಿಂಗ ಅವನ್ನು ಕೀಳತೊಡಗಿದ.

"ಇವೇ ಇವೆಯಲ್ಲ," ಎಂದ ತಿಪ್ಪಯ್ಯ. "ಹೊಸವು ಯಾಕೆ?"

"ಇವು ಗಿಡ್ಡ ಜಾತಿ. ಬೆಳೆಯುವಂಥವಾಗಿದ್ದರೆ ಇಷ್ಟು ಹೊತ್ತಿಗೆ ಬೆಳೆಯುತ್ತಿದ್ದವು."

ಇನ್ನೂ ನಾಲ್ಕು ಕಿತ್ತು, ಬೆನ್ನು ನೆಟ್ಟಗೆ ಮಾಡಿಕೊಂಡು ಅವನೇ ಮುಂದುವರಿಸಿದ. "ನಿನಗೂ ಒಂದು ಮಾತು ಹೇಳಲೇ ತಿಪ್ಪಯ್ಯ? ದೊಡ್ಡ ಮರದ ಬುಡದಲ್ಲಿ ಕೂತರೆ ಇದೇ ಗತಿ. ಊರಿಗೆ ಹೋಗು. ಅಲ್ಲಾದರೂ ಒಂದಿಷ್ಟು ಬೆಳೆದೀಯೆ."

ತಿಪ್ಪಯ್ಯ ಕಿತ್ತ ಗಿಡವೊಂದನ್ನು ಎತ್ತಿ ನೋಡಿದ.

"ಓದಿದವನು ನೀನು," ಎಂದ. "ಸರಿಯೇ ಇರಬೇಕು."

ಮರುದಿನ ಬೆಳಿಗ್ಗೆ ಗುರುಗಳು ಶಂಭುಲಿಂಗನನ್ನು ಹಿತ್ತಿಲಿಗೆ ಕರೆದರು.

"ತಿಪ್ಪಯ್ಯ ಗಂಟು ಕಟ್ಟಿಕೊಂಡು ಕಾಲಿಗೆ ಬಿದ್ದು ಹೊರಟ. ಏನು ಹೇಳಿದೆ ಅವನಿಗೆ?"

"ಅವನ ಒಳ್ಳೆಯದಕ್ಕೇ ಹೇಳಿದೆ, ಬುದ್ಧಿ." ಶಂಭುಲಿಂಗ ಗಿಡದ ಹೋಲಿಕೆಯನ್ನೂ ವಿವರಿಸಿದ. ಹೋಲಿಕೆ ಚೆನ್ನಾಗಿದೆ ಎಂದು ಅವನಿಗೇ ಅನಿಸಿತು.

ಗುರುಗಳು ಕಿತ್ತ ರಾಶಿಯಿಂದ ಒಂದು ಗಿಡ ತೆಗೆದುಕೊಂಡರು. ಬುಡವನ್ನು ಚಾಕುವಿನಿಂದ ಅಡ್ಡಕ್ಕೆ ಕೊಯ್ದು, ತಾವು ಓದುವ ಭೂತಗನ್ನಡಿಯ ಜೊತೆಗೆ ಅವನ ಕೈಗಿತ್ತರು.

"ಉಂಗುರ ಎಣಿಸು. ವರ್ಷಕ್ಕೊಂದು."

ಶಂಭುಲಿಂಗ ಎಣಿಸಿದ. ಮೂವತ್ತೆಂಟು. ತಪ್ಪಿರಬೇಕೆಂದು ಮತ್ತೆ ಎಣಿಸಿದ. ಮೂವತ್ತೆಂಟು.

ಅವನ ವಯಸ್ಸೇ ಇಪ್ಪತ್ತಾರು.

ಫರ್ ಸಸಿ ನೆರಳನ್ನು ತಾಳುತ್ತದೆ ಎಂದು ಅವನೇ ಪರೀಕ್ಷೆಯಲ್ಲಿ ಬರೆದಿದ್ದ. ಐದಕ್ಕೆ ಐದು ಅಂಕ ಬಂದಿತ್ತು. ಎಷ್ಟು ಕಾಲ ತಾಳುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಎಷ್ಟು ಕಿತ್ತೆ?"

"ಎಲ್ಲವನ್ನೂ, ಬುದ್ಧಿ."

ರಾಶಿಯ ಬೇರುಗಳು ಬಿಸಿಲಿಗೆ ಒಣಗಿದ್ದವು. ಕಿವಿ ಬಿಸಿಯಾದರೂ ಅವನೊಳಗಿನ ಪದವೀಧರ ಇನ್ನೂ ಸುಮ್ಮನಾಗಲಿಲ್ಲ.

"ಮೂವತ್ತೆಂಟು ವರ್ಷಕ್ಕೆ ಮೊಣಕಾಲೆತ್ತರ. ಇದು ಮರವಾಗುತ್ತಿತ್ತೆ, ಬುದ್ಧಿ?"

ಗುರುಗಳು ಕಡಿದ ಮರದ ಬೊಡ್ಡೆಯ ಹತ್ತಿರ ಹೋದರು. ಅದರ ನಟ್ಟನಡುವೆ ಹೆಬ್ಬೆರಳಿಟ್ಟು ತೆಗೆದರು.

"ಬೆರಳಿಟ್ಟಷ್ಟು ಜಾಗದಲ್ಲಿ ಎಷ್ಟಿವೆ ನೋಡು."

ಶಂಭುಲಿಂಗ ಮಂಡಿಯೂರಿ ಎಣಿಸಿದ. ಅಲ್ಲಿ ಉಂಗುರಗಳು ಕೂದಲಿನಂತೆ ಒತ್ತಾಗಿದ್ದವು. ಅದರಾಚೆ, ಮೇಲಿನ ಮರ ಬಿದ್ದು ಬಿಸಿಲು ಸಿಕ್ಕ ವರ್ಷದಿಂದ, ಒಮ್ಮೆಲೇ ಅಗಲವಾಗಿದ್ದವು. ಎಣಿಸಿ ಮುಗಿಸಿದ ಮೇಲೂ ಅವನಿಗೆ ತಲೆ ಎತ್ತಲಾಗಲಿಲ್ಲ.

ಕೆಳಗೆ ದಾರಿಯ ಕೊನೆಯ ತಿರುವಿನಲ್ಲಿ ತಿಪ್ಪಯ್ಯನ ಗಂಟು ಇನ್ನೂ ಕಾಣುತ್ತಿತ್ತು.

"ಕೂಗಲೇ, ಬುದ್ಧಿ?"

"ಕೂಗು. ಕೇಳಿದರೆ ನಿಲ್ಲುತ್ತಾನೆ."

ಶಂಭುಲಿಂಗ ಬಾಯಿ ತೆರೆದ. ಮತ್ತೆ ಗುರುಗಳ ಕಡೆ ತಿರುಗಿದ.

"ಏನೆಂದು ಕೂಗಲಿ?"

"ನಾವು ಕಡಿದ ಮರವೂ ಅರವತ್ತು ವರ್ಷ ಮೊಣಕಾಲೆತ್ತರಕ್ಕೇ ಇತ್ತು ಅನ್ನು."